ರೈತನಿಗೆ ಹೆಚ್ಚು ಕೊಟ್ಟು ಗಿರಾಕಿಗೆ ಕಡಿಮೆಗೆ ಮಾರುವ ಹಾಲಿನವನಿಗೆ ಏನು ಉಳಿಯುತ್ತದೆ?

ಓದುಗರ ಪ್ರಶ್ನೆ: ಕ್ಯಾನಿನಲ್ಲಿ ಮನೆಮನೆಗೆ ಹಾಲು ಹಾಕುವವರು ಎಷ್ಟೋ ಕಡೆ ಡೈರಿಗಿಂತ ಹೆಚ್ಚು ಬೆಲೆಗೆ ರೈತರಿಂದ ಕೊಂಡು, ಪ್ಯಾಕೆಟ್‌ಗಿಂತ ಕಡಿಮೆ ಬೆಲೆಗೆ ಮಾರುತ್ತಾರೆ. ನೀರು ಬೆರೆಸದೆ ಇದು ಹೇಗೆ ಸಾಧ್ಯ?

ಸಾಧ್ಯ. ಈ ವ್ಯಾಪಾರದ ಬಗ್ಗೆ ತುಂಬ ಆಳವಾದ ಅಧ್ಯಯನ ನಡೆದ ದೇಶಗಳಲ್ಲಿ ಕೀನ್ಯಾ ಒಂದು. ಅಲ್ಲಿನ ಕಥೆಯಿಂದಲೇ ಉತ್ತರ ಹೇಳುತ್ತೇನೆ.

ಕೀನ್ಯಾದಲ್ಲಿ ಹಾಲಿನ ಬಹುಪಾಲು ಬರುವುದು ಎರಡು ಮೂರು ಹಸು ಸಾಕಿದ ಸಣ್ಣ ರೈತರಿಂದ. ಮಾರಾಟವಾಗುವ ಹಾಲಿನಲ್ಲಿ ದೊಡ್ಡ ಪಾಲು ಕಾರ್ಖಾನೆಯ ಮುಖ ನೋಡುವುದೇ ಇಲ್ಲ. ಸೈಕಲ್ಲು, ಬೈಕು, ಮಿಲ್ಕ್ ಬಾರ್ ಎನ್ನುವ ಬಿಡಿ ಹಾಲಿನ ಅಂಗಡಿಗಳ ಮೂಲಕ ಹಸಿ ಹಾಲಾಗಿಯೇ ನೈರೋಬಿ, ನಕುರುವಿನಂಥ ಊರುಗಳ ಮನೆ ಸೇರುತ್ತದೆ.

ಲೆಕ್ಕ ಬಿಡಿಸಲು ದುಂಡು ಅಂಕಿಗಳನ್ನು ಇಟ್ಟುಕೊಳ್ಳೋಣ. ಇವು ಉದಾಹರಣೆ ಮಾತ್ರ, ಮಾರುಕಟ್ಟೆ ದರಗಳಲ್ಲ. ಡೈರಿ ರೈತನಿಗೆ ಲೀಟರಿಗೆ 40 ಕೊಡುತ್ತದೆ, ಪ್ಯಾಕೆಟ್ಟು ಅಂಗಡಿಯಲ್ಲಿ 80ಕ್ಕೆ ಸಿಗುತ್ತದೆ. ನಡುವಿನ 40ರಲ್ಲಿ ಶೀತಲೀಕರಣ ಕೇಂದ್ರ, ಟ್ಯಾಂಕರ್, ಪಾಶ್ಚರೀಕರಣ (ರೋಗಾಣು ಸಾಯುವಂತೆ ಹಾಲು ಬಿಸಿ ಮಾಡುವುದು), ಕರೆಂಟು, ಪ್ಲಾಸ್ಟಿಕ್ಕು, ಸಿಬ್ಬಂದಿ ಸಂಬಳ, ಏಜೆಂಟನ ಕಮಿಷನ್ ಎಲ್ಲ ಸೇರಿವೆ. ಹಾಲಿನವನು 45ಕ್ಕೆ ಕೊಂಡು 60ಕ್ಕೆ ಮಾರುತ್ತಾನೆ. ಬೆಳಿಗ್ಗೆ 50 ಲೀಟರ್ ಎತ್ತಿದರೆ ಖರೀದಿಗೆ 2,250. ನಾಲ್ಕು ಲೀಟರ್ ಚೆಲ್ಲಿಯೋ ಒಡೆದೋ ಹೋಯಿತು ಎನ್ನಿ. ಉಳಿದ 46 ಲೀಟರಿಗೆ 2,760 ಬರುತ್ತದೆ. ಪೆಟ್ರೋಲಿಗೆ 150 ಕಳೆದರೆ ಕೈಯಲ್ಲಿ 360. ಅವನ ಆದಾಯ ಇಷ್ಟೇ: ಒಂದು ದಿನದ ಕೂಲಿ. ಶೈತ್ಯಾಗಾರವಿಲ್ಲ, ಕಟ್ಟಡವಿಲ್ಲ, ಬಡ್ಡಿ ಕಟ್ಟಬೇಕಾದ ಯಂತ್ರವಿಲ್ಲ. ಹಾಕಿದ ಬಂಡವಾಳ ದೊಡ್ಡದಲ್ಲ, ನಗದು ಗಿರಾಕಿಗಳಿಂದ ಅದೂ ಸಂಜೆಯೊಳಗೆ ವಾಪಸ್ಸು ಬರುತ್ತದೆ.

ಈಗ ನೀರಿನ ಮಾತು. ಇದೇ ಲೆಕ್ಕದಲ್ಲಿ ಐದು ಲೀಟರ್ ನೀರು ಸೇರಿಸಿದರೆ 300 ಹೆಚ್ಚುವರಿ ಸಿಗುತ್ತದೆ, ಅಂದರೆ ದಿನದ ಗಳಿಕೆ ಹೆಚ್ಚುಕಡಿಮೆ ಇಮ್ಮಡಿ. ಹಾಗಾಗಿ ಓದುಗರ ಅನುಮಾನಕ್ಕೆ ಆಧಾರವಿದೆ. ಲಾಭ ತೆಳುವಾದಷ್ಟೂ ಆಸೆ ದೊಡ್ಡದು. ಅವನ ಕೈ ಹಿಡಿಯುವುದು ಗಿರಾಕಿಯ ಕಾಯಂತನ. ದಿನಾ ಅದೇ ಮನೆಗೆ ಹಾಲು ಹಾಕಿ ತಿಂಗಳ ಕೊನೆಗೆ ದುಡ್ಡು ಎಣಿಸಿಕೊಳ್ಳುವವನು ಒಂದು ವರ್ತನೆ ಮನೆ, ಅಂದರೆ ಕಾಯಂ ಗಿರಾಕಿ, ಕಳೆದುಕೊಂಡರೆ ವರ್ಷದ ಸಂಪಾದನೆಗೇ ಪೆಟ್ಟು. ಗುರುತಿಲ್ಲದವರಿಗೆ ರಸ್ತೆ ಬದಿಯಲ್ಲಿ ಮಾರುವವನಿಗೆ ಈ ಭಯವಿಲ್ಲ. ಹಾಲಿನವರೆಲ್ಲರನ್ನೂ ಒಂದೇ ಗುಂಪಿಗೆ ಸೇರಿಸುವುದು ಅದಕ್ಕೇ ತಪ್ಪು.

ಅಗ್ಗವಾಗಲು ಇನ್ನೊಂದು ಕಾರಣ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಹಾಲು ಕಾಯಿಸುವ ಖರ್ಚು ಮಾಯವಾಗಿಲ್ಲ, ಗಿರಾಕಿಯ ಒಲೆಗೆ ವರ್ಗವಾಗಿದೆ. ಕೀನ್ಯಾದ ಮನೆಗಳಲ್ಲಿ ಹಾಲನ್ನು ಕುದಿಸಿಯೇ ಬಳಸುತ್ತಾರೆ, ಹೆಚ್ಚಿನದನ್ನು ಚಹಾ ಸೊಪ್ಪಿನ ಜೊತೆಗೇ. ದನಗಳಿಂದ ಮನುಷ್ಯರಿಗೆ ಜ್ವರ ಹರಡುವ ಬ್ರುಸೆಲ್ಲಾ, ಕ್ಷಯದ ರೋಗಾಣುಗಳು ಆ ಕುದಿಗೆ ಉಳಿಯುವುದಿಲ್ಲ. ಹೇಗೂ ಕುದಿಸುವ ಮನೆಯವರು ಪ್ಯಾಕೆಟ್ಟು ಕೊಂಡರೆ ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು ಕೊಟ್ಟಂತೆ. ಆದರೆ ಆಂಟಿಬಯಾಟಿಕ್ ಅಂಶ, ಮೇವಿನ ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ಎಂಬ ವಿಷ ಕುದಿಸಿದರೂ ಹೋಗುವುದಿಲ್ಲ, ಪಾಶ್ಚರೀಕರಿಸಿದರೂ ಹೋಗುವುದಿಲ್ಲ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ 6,432 ಮಾದರಿಗಳನ್ನು ಪರೀಕ್ಷಿಸಿದಾಗ ಅಫ್ಲಾಟಾಕ್ಸಿನ್ ಸಮಸ್ಯೆ ಹಸಿ ಹಾಲಿಗಿಂತ ಸಂಸ್ಕರಿಸಿದ ಹಾಲಿನಲ್ಲೇ ಹೆಚ್ಚು ಕಂಡಿತ್ತು. ಹಾಲು ಕೆಡದಂತೆ ಹೈಡ್ರೋಜನ್ ಪೆರಾಕ್ಸೈಡ್ ಎಂಬ ರಾಸಾಯನಿಕ ಹಾಕುವ ವ್ಯಾಪಾರಿಗಳೂ ಇದ್ದಾರೆ. ಅದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಕೀನ್ಯಾದಲ್ಲಿ 1992ರವರೆಗೆ ನಗರದ ಹಾಲಿನ ಮಾರುಕಟ್ಟೆ ಕೀನ್ಯಾ ಕೋಆಪರೇಟಿವ್ ಕ್ರೀಮರೀಸ್ ಎಂಬ ಡೈರಿ ಸಂಸ್ಥೆಯ ಕೈಯಲ್ಲಿತ್ತು. ಆ ವರ್ಷ ಬೆಲೆ ನಿಯಂತ್ರಣ ಸಡಿಲವಾಯಿತು. ಸಂಸ್ಥೆ ರೈತರಿಗೆ ಸಕಾಲಕ್ಕೆ ಹಣ ಕೊಡಲಾಗದೆ ಕುಸಿಯುತ್ತ ಹೋದಾಗ ಆ ಹಾಲನ್ನು ಎತ್ತಿದವರು ಸಣ್ಣ ವ್ಯಾಪಾರಿಗಳು. ಪರವಾನಗಿ ಇಲ್ಲದ್ದರಿಂದ ಕಾನೂನಿನ ಕಣ್ಣಲ್ಲಿ ಮಾತ್ರ ಅವರು ಅಪರಾಧಿಗಳಾಗಿಯೇ ಉಳಿದರು. ಇದು ನನಗೆ ತೀರಾ ಅನ್ಯಾಯವೆನಿಸುತ್ತದೆ, ದಡ್ಡತನವೂ ಹೌದು. ಯಾವಾಗ ಹಿಡಿದು ಹಾಲು, ಪಾತ್ರೆ ಕಿತ್ತುಕೊಳ್ಳುತ್ತಾರೋ ಎಂದು ಹೆದರುವವನು ದುಬಾರಿ ಅಲ್ಯೂಮಿನಿಯಂ ಕ್ಯಾನು ಯಾಕೆ ಕೊಂಡಾನು? ಹೋದರೆ ಹೋಗಲಿ ಎಂದು ಅಗ್ಗದ ಪ್ಲಾಸ್ಟಿಕ್ ಡಬ್ಬ ಹಿಡಿಯುತ್ತಾನೆ. ಅದರ ಒಳಮೂಲೆ ಉಜ್ಜಲು ಬಾರದು, ಹಾಲು ಬೇಗ ಹುಳಿಯುತ್ತದೆ. ಲಂಚದ ಖರ್ಚೂ ಹಾಲಿನ ಬೆಲೆಗೇ ಸೇರುತ್ತದೆ.

1997ರಿಂದ 2005ರವರೆಗೆ ಕೀನ್ಯಾ ಸರ್ಕಾರ, ಅಲ್ಲಿನ ಕೃಷಿ ಸಂಶೋಧನಾ ಸಂಸ್ಥೆ ಮತ್ತು ನೈರೋಬಿಯ ಅಂತರರಾಷ್ಟ್ರೀಯ ಜಾನುವಾರು ಸಂಶೋಧನಾ ಸಂಸ್ಥೆ ಸೇರಿ ನಡೆಸಿದ ಯೋಜನೆ ಈ ನಷ್ಟವನ್ನು ಅಂಕಿಗಳಲ್ಲಿ ತೋರಿಸಿತು. 2004ರಿಂದ ಕೀನ್ಯಾ ಡೈರಿ ಮಂಡಳಿ ಸಣ್ಣ ವ್ಯಾಪಾರಿಗಳಿಗೆ ತರಬೇತಿ ಕೊಟ್ಟು ಪರವಾನಗಿ ಕೊಡುವ ದಾರಿ ಹಿಡಿಯಿತು. ನೀರು ಬೆರೆತಿದೆಯೇ ಎಂದು ತೋರಿಸುವ ಲ್ಯಾಕ್ಟೋಮೀಟರ್ ಬಳಸುವುದು, ಪಾತ್ರೆ ತೊಳೆಯುವುದು, ಹಾಲು ಒಡೆಯುತ್ತದೆಯೇ ಎಂದು ನೋಡುವುದು ಇಂಥ ಕಲಿಕೆ. ಈ ಬದಲಾವಣೆಯಿಂದ ರೈತರು, ವ್ಯಾಪಾರಿಗಳು, ಗಿರಾಕಿಗಳಿಗೆ ಒಟ್ಟು ವರ್ಷಕ್ಕೆ ಸುಮಾರು 3.3 ಕೋಟಿ ಡಾಲರ್ ಲಾಭವಾಗಿದೆ ಎಂದು ಆಮೇಲೆ ಸಂಶೋಧಕರು ಅಂದಾಜು ಮಾಡಿದರು.

ನಮ್ಮಲ್ಲಿ ಲೆಕ್ಕ ಸ್ವಲ್ಪ ಬೇರೆ. ಕರ್ನಾಟಕದ ಹಳ್ಳಿಗಳಲ್ಲಿ ಹಾಲು ಉತ್ಪಾದಕರ ಸಂಘ ಪಶು ಆಹಾರ, ಹಸುವಿನ ಚಿಕಿತ್ಸೆಯ ಸೌಲಭ್ಯವನ್ನೂ ಒದಗಿಸುತ್ತದೆ. ಸರ್ಕಾರದ ಪ್ರೋತ್ಸಾಹಧನವೂ ಸಂಘಕ್ಕೆ ಹಾಕಿದ ಹಾಲಿಗೆ ಮಾತ್ರ. ಹೊರಗಿನ ಹಾಲಿನವನು ಇವೆಲ್ಲವನ್ನೂ ಮೀರಿಸುವಷ್ಟು ಬೆಲೆ ಕೊಡಬೇಕು, ಅದು ಹೆಚ್ಚಾಗಿ ಪಟ್ಟಣದ ಅಂಚಿನ ಹಳ್ಳಿಗಳಲ್ಲಷ್ಟೇ ಗಿಟ್ಟುತ್ತದೆ. ಅಲ್ಲಿಯೂ ಹಲವು ರೈತರು ಹಾಲನ್ನು ಪೂರ್ತಿ ಒಂದೇ ಕಡೆ ಹಾಕುವುದಿಲ್ಲ. ಸಂಘದ ಸದಸ್ಯತ್ವ ಉಳಿಯುವಷ್ಟು ಸಂಘಕ್ಕೆ ಹಾಕಿ, ಮಿಕ್ಕಿದ್ದನ್ನು ವರ್ತನೆ ಮನೆಗಳಿಗೆ ಕೊಡುತ್ತಾರೆ.