ಟೈಮ್ ಇಲ್ಲ ಅನ್ನೋ ಮಾತಿನ ಹಿಂದೆ ಅಡಗಿರೋ ನಾಚಿಕೆ

ಚಿಕ್ಕ ಮಕ್ಕಳಿರೋ ಅಪ್ಪ ಅಮ್ಮಂದಿರು ಫಿಸಿಯೋಥೆರಪಿಗೆ ಬರೋದು ವ್ಯಾಯಾಮ ಶುರು ಮಾಡೋಣ ಅಂತ ಅಲ್ಲ. ಸೊಂಟ ಹಿಡ್ಕೊಂಡಿರತ್ತೆ, ಮಗುನ ಎತ್ತಿ ಎತ್ತಿ ಹೆಬ್ಬೆರಳ ಬುಡದಲ್ಲಿ ನೋವು ಬಂದಿರತ್ತೆ, ಕತ್ತು ತಿರುಗಿಸೋಕೆ ಆಗ್ತಿರಲ್ಲ, ಅದಕ್ಕೆ ಬರ್ತಾರೆ. ನೋವು ಇಳಿಯೋಕೆ ಶುರುವಾದ್ಮೇಲೆ ನಾನು ನಿಧಾನಕ್ಕೆ ಕೇಳ್ತೀನಿ, ವಾರದಲ್ಲಿ ಏನಾದ್ರೂ ವ್ಯಾಯಾಮ ಅಂತ ಮಾಡ್ತೀರಾ? "ಅಯ್ಯೋ, ಟೈಮ್ ಎಲ್ಲಿದೆ ಡಾಕ್ಟ್ರೇ" ಅನ್ನೋ ಉತ್ತರ ಪ್ರಶ್ನೆ ಮುಗಿಯೋಕೆ ಮುಂಚೆನೇ ಬಂದುಬಿಡತ್ತೆ. ಸುಳ್ಳೇನಲ್ಲ ಅದು. ಆದ್ರೆ ನಾನು ಅಲ್ಲಿಗೇ ಬಿಡಲ್ಲ, ಇನ್ನೊಂದು ಕೇಳ್ತೀನಿ: ನಾಳೆ ನಿಮಗೆ ಪೂರ್ತಿ ಒಂದು ಗಂಟೆ ಫ್ರೀ, ಮಕ್ಕಳನ್ನ ಬೇರೆಯವರು ನೋಡ್ಕೋತಾರೆ, ಜಿಮ್ಮೋ ಪಾರ್ಕೋ ಪಕ್ಕದಲ್ಲೇ ಇದೆ, ಹೋಗ್ತೀರಾ? ಈ ಸಲ ಉತ್ತರ ತಡವಾಗಿ ಬರತ್ತೆ. "ಈ ಹೊಟ್ಟೆ ಇಟ್ಕೊಂಡು ಅಲ್ಲಿಗೆಲ್ಲಾ ಹೇಗೆ ಹೋಗೋದು", "ಎರಡು ನಿಮಿಷ ಓಡಿದ್ರೆ ಏದುಸಿರು ಬರತ್ತೆ, ನೋಡಿದವ್ರು ನಗಲ್ವಾ", "ಅಲ್ಲಿರೋರೆಲ್ಲಾ ಹುಡುಗ್ರು".

ಟೈಮ್ ಇಲ್ಲದಿರೋದು, ನಾಚಿಕೆ ಆಗೋದು, ಈ ಎರಡನ್ನ ಬೇರೆ ಬೇರೆ ಮಾಡಿ ನೋಡ್ಲೇಬೇಕು, ಯಾಕಂದ್ರೆ ಒಂದಕ್ಕೆ ಕೊಡೋ ಮದ್ದು ಇನ್ನೊಂದಕ್ಕೆ ಹತ್ತಲ್ಲ. ನಾಚಿಕೆ ಕಾಡ್ತಿರೋರಿಗೆ "ಬೆಳಗ್ಗೆ ಐದಕ್ಕೆ ಎದ್ದುಬಿಡಿ" ಅಂದ್ರೆ ಎದ್ದೇಳ್ತಾರೆ, ಶೂಸ್ ಹಾಕ್ಕೊಂಡು ಬಾಗಿಲ ತನಕ ಬಂದು ಫೋನ್ ನೋಡ್ತಾ ಕೂತ್ಬಿಡ್ತಾರೆ. ನಿಜವಾಗ್ಲೂ ಟೈಮ್ ಇಲ್ಲದೆ ಒದ್ದಾಡ್ತಿರೋರಿಗೆ "ಧೈರ್ಯ ಮಾಡಿ, ನಿಮ್ಮನ್ನ ನೀವು ಪ್ರೀತಿಸಿ" ಅಂತ ಭಾಷಣ ಬಿಗಿದ್ರೆ ಅವರಿಗೆ ಸಿಟ್ಟು ಬರತ್ತೆ, ಬರ್ಬೇಕಾದ್ದೇ.

ಟೈಮ್ ವಿಷಯ ಮೊದಲು ಮುಗಿಸ್ತೀನಿ, ಅದು ಅಂದ್ಕೊಂಡಷ್ಟು ದೊಡ್ಡದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಮಾರ್ಗಸೂಚಿ ಪ್ರಕಾರ ದೊಡ್ಡೋರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ, ಇಲ್ಲಾಂದ್ರೆ 75ರಿಂದ 150 ನಿಮಿಷ ಜೋರಾದ ಚಟುವಟಿಕೆ ಬೇಕು, ಜೊತೆಗೆ ಎರಡು ದಿನವಾದ್ರೂ ಸ್ನಾಯುಗಳಿಗೆ ಕೆಲಸ ಕೊಡ್ಬೇಕು. ಈ 150 ನೋಡೇ ಎಷ್ಟೋ ಜನ ಕೈ ಚೆಲ್ತಾರೆ. ಆದ್ರೆ ಅದೇ ಮಾರ್ಗಸೂಚೀಲಿ ಆದ ಇನ್ನೊಂದು ಬದಲಾವಣೆ ಯಾರ ಕಣ್ಣಿಗೂ ಅಷ್ಟಾಗಿ ಬಿದ್ದಿಲ್ಲ. 2010ರದ್ದರಲ್ಲಿ ಒಂದೊಂದು ಸಲಕ್ಕೆ ಕನಿಷ್ಠ 10 ನಿಮಿಷ ಆದ್ರೆ ಮಾತ್ರ ಲೆಕ್ಕ ಅಂತಿತ್ತು, 2020ರಲ್ಲಿ ಆ ಷರತ್ತು ತೆಗೆದುಹಾಕಿದ್ರು. ಮೂರು ನಿಮಿಷ ಮೆಟ್ಟಿಲು ಹತ್ತಿದ್ದೂ ಲೆಕ್ಕಕ್ಕೆ ಬರತ್ತೆ, ಮಗು ಸೈಕಲ್ ಹಿಂದೆ ಓಡಿದ್ದೂ ಬರತ್ತೆ.

2022ರಲ್ಲಿ ಬಂದ ಒಂದು ಅಧ್ಯಯನ ಇದಕ್ಕೆ ಇನ್ನಷ್ಟು ಬಲ ಕೊಡ್ತು. ಬ್ರಿಟನ್ನಿನಲ್ಲಿ ವ್ಯಾಯಾಮ ಮಾಡೋದೇ ಇಲ್ಲ ಅಂದಿದ್ದ 25 ಸಾವಿರಕ್ಕೂ ಹೆಚ್ಚು ಜನ ಕೈಗೆ ಕಟ್ಕೊಂಡಿದ್ದ ಮಾಪಕಗಳ ಮಾಹಿತಿ ನೋಡಿದಾಗ, ದಿನಕ್ಕೆ ಮೂರು ಸಲ ಒಂದೆರಡು ನಿಮಿಷ ಏದುಸಿರು ಬರೋ ಹಾಗೆ ಓಡಾಡ್ತಿದ್ದೋರಲ್ಲಿ, ಅಂದ್ರೆ ಬೇಗ ಬೇಗ ಮೆಟ್ಟಿಲು ಹತ್ತೋದು, ಬಸ್ ಹಿಡಿಯೋಕೆ ಓಡೋದು ಇಂಥದ್ದು, ಅದೂ ಇಲ್ಲದೋರಿಗಿಂತ ಸಾವಿನ ಅಪಾಯ ಸುಮಾರು 40% ಕಮ್ಮಿ ಇತ್ತು. ಇದು ಬರೀ ಗಮನಿಸಿ ನೋಡಿದ ಲೆಕ್ಕ, ಇದರಿಂದಾನೇ ಅದು ಆಯ್ತು ಅಂತ ಹೇಳೋಕಾಗಲ್ಲ, ಮೊದಲೇ ಆರೋಗ್ಯವಾಗಿರೋರೇ ಜಾಸ್ತಿ ಓಡಾಡ್ತಿರಬಹುದು. ಆದ್ರೂ ಗಂಟೆಗಟ್ಟಲೆ ಇಲ್ಲದಿದ್ರೆ ಪ್ರಯೋಜನವೇ ಇಲ್ಲ ಅನ್ನೋ ವಾದ ಇನ್ನು ನಿಲ್ಲಲ್ಲ. ಹಾಗೇ ದಿನಕ್ಕೆ 10,000 ಹೆಜ್ಜೆ ಅನ್ನೋದು ಯಾವ ಡಾಕ್ಟ್ರೂ ಕೂತು ಲೆಕ್ಕ ಹಾಕಿದ್ದಲ್ಲ, 1965ರಲ್ಲಿ ಜಪಾನ್‌ನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆ ಎಣಿಸೋ ಯಂತ್ರದ ಹೆಸರಿಂದ ಬಂದದ್ದು. 4,000 ನಡೆದ ದಿನ ಸೋತೆ ಅಂತ ಮುಖ ಸಣ್ಣದು ಮಾಡ್ಕೋಬೇಡಿ.

ಈಗ ನಾಚಿಕೆಗೆ ಬರೋಣ, ನಿಜವಾದ ಗಂಟು ಇರೋದು ಇಲ್ಲೇ.

ಎಲ್ಲರೂ ನನ್ನನ್ನೇ ನೋಡ್ತಿದ್ದಾರೆ ಅನ್ಸೋದು ಬರೀ ನಿಮಗಲ್ಲ. 2000ನೇ ಇಸವೀಲಿ ಅಮೆರಿಕದ ಕಾರ್ನೆಲ್ ಯೂನಿವರ್ಸಿಟಿಯ ಥಾಮಸ್ ಗಿಲೋವಿಚ್ ಮತ್ತೆ ಅವರ ಜೊತೆಗಾರರು ಇದರ ಮೇಲೆ ಪ್ರಯೋಗಗಳನ್ನ ಪ್ರಕಟಿಸಿದ್ರು. ವಿದ್ಯಾರ್ಥಿಗಳಿಗೆ ಮುಜುಗರ ಆಗೋ ಥರದ ಟೀ ಶರ್ಟ್ ಹಾಕಿಸಿ ಜನ ಕೂತಿರೋ ರೂಮಿಗೆ ಕಳಿಸಿ, ಎಷ್ಟು ಜನ ಗಮನಿಸಿರಬಹುದು ಅಂತ ಕೇಳಿದ್ರು. ಹೆಚ್ಚುಕಮ್ಮಿ ಅರ್ಧ ಜನ ಅಂದ್ರು ಹಾಕ್ಕೊಂಡೋರು. ನಿಜಕ್ಕೂ ಗಮನಿಸಿದ್ದು ಕಾಲು ಭಾಗದಷ್ಟು ಜನ ಮಾತ್ರ. ನಿಮ್ಮ ಹೊಟ್ಟೆ, ನಿಮ್ಮ ಹಳೇ ಪ್ಯಾಂಟು, ನಿಮ್ಮ ಏದುಸಿರಿಗೂ ಈ ಲೆಕ್ಕ ಹೊಂದತ್ತೆ ಅಂತ ನನ್ನ ನಂಬಿಕೆ.

ಆದ್ರೆ ಒಂದು ಮಾತು, ಈ ಪ್ರಯೋಗದ ಬಗ್ಗೆ ಓದಿದ್ರಿಂದ ನಾಚಿಕೆ ಹೋದೋರನ್ನ ನಾನು ನೋಡಿಲ್ಲ. ತಲೆಗೆ ಗೊತ್ತಾಗತ್ತೆ, ಮೈಗೆ ಗೊತ್ತಾಗಲ್ಲ. ಜೊತೆಗೆ ಆ ಕಾಲು ಭಾಗದೋರು ಇದ್ದೇ ಇದ್ದಾರಲ್ಲ, ಅವರಲ್ಲಿ ಒಬ್ರು ಏನಾದ್ರೂ ಅಂದ್ರೆ ಆರು ತಿಂಗಳು ಮತ್ತೆ ಆ ಕಡೆ ತಲೆ ಹಾಕಲ್ಲ. ಅದಕ್ಕೇ ಶುರುವಿನಲ್ಲಿ ಧೈರ್ಯ ಬೆಳೆಸ್ಕೊಳ್ಳಿ ಅಂತ ನಾನು ಹೇಳಲ್ಲ, ನೋಡೋರೇ ಇಲ್ಲದ ಕಡೆ ಶುರು ಮಾಡಿ ಅಂತೀನಿ. ರೂಮ್ ಬಾಗಿಲು ಹಾಕ್ಕೊಳ್ಳಿ, ಕನ್ನಡಿಗೆ ಬೆನ್ನು ಮಾಡಿ, ಅಥವಾ ನಿಮ್ಮ ಗುರುತೇ ಇಲ್ಲದ ಬೀದೀಲಿ ವಾಕಿಂಗ್ ಮಾಡಿ. ಇದು ಓಡಿಹೋಗೋದಲ್ವಾ ಅಂತ ಕೆಲವರು ಕೇಳ್ತಾರೆ. ಅಲ್ಲ, ಒಂದೇ ಸಲಕ್ಕೆ ಎರಡು ಹೊಸ ಭಾರ ಹೊರೋದು ಬೇಡ ಅಂತ ಅಷ್ಟೇ. ಬಟ್ಟೆ ವಿಷಯಾನೂ ಹಗುರವಾಗಿ ತಗೋಬೇಡಿ, ಬಗ್ಗಿದಾಗ ಮೇಲೆ ಸರಿಯದ, ಈಗಿನ ಮೈಗೆ ಸರಿಯಾಗಿ ಕೂರೋ ಒಂದು ಜೊತೆ ಇಟ್ಕೊಳ್ಳಿ. ಸಣ್ಣ ಆದ್ಮೇಲೆ ಹಾಕ್ಕೋತೀನಿ ಅಂತ ತಂದಿಟ್ಟ ಟೈಟ್ ಬಟ್ಟೆ ಕಪಾಟಿನಲ್ಲಿದ್ದಷ್ಟು ದಿನ ನಿಮ್ಮನ್ನ ಬೈತಾನೇ ಇರತ್ತೆ.

ಹೊರಗಿನೋರ ಕಣ್ಣಿಗಿಂತ ಮನೆಯೋರ ಬಾಯಿ ಹೆಚ್ಚು ಚುಚ್ಚತ್ತೆ, ಇದನ್ನ ಮಾತ್ರ ಯಾರೂ ಮೊದಲ ಭೇಟೀಲಿ ಹೇಳಲ್ಲ. "ಎಷ್ಟು ದಿನ ಅಂತೀಯಾ ಈ ಸಲ?" ಅಂತ ಗಂಡ ನಗ್ತಾ ಕೇಳಿದ್ದು, ಅಪ್ಪ ಸ್ಕ್ವಾಟ್ ಮಾಡೋದನ್ನ ಮಗಳು ಎಲ್ಲರ ಮುಂದೆ ಆಕ್ಟ್ ಮಾಡಿ ತೋರ್ಸಿದ್ದು, ಹೆಂಡ್ತಿ "ಅದರ ಬದಲು ಈ ಬಟ್ಟೆ ಮಡಚಿದ್ರೆ ಆಗ್ತಿತ್ತು" ಅಂದಿದ್ದು. ತಮಾಷೇನೇ ಇರಬಹುದು, ಆದ್ರೆ ಹಿಂದೆ ಎರಡು ಮೂರು ಸಲ ಶುರು ಮಾಡಿ ಬಿಟ್ಟೋರಿಗೆ ಆ ಮಾತು ನೇರ ಎದೆಗೆ ತಾಗತ್ತೆ. ಇದಕ್ಕೆ ನಾನು ಹೇಳೋದು, ಶುರು ಮಾಡೋಕೆ ಮುಂಚೆನೇ ಮನೇಲಿ ಒಂದು ಸಲ ಗಂಭೀರವಾಗಿ ಕೂತು ಮಾತಾಡಿ. "ಹತ್ತು ನಿಮಿಷ ಈ ರೂಮಲ್ಲಿರ್ತೀನಿ, ಆ ಹತ್ತು ನಿಮಿಷ ಮಗು ನಿನ್ನ ಜವಾಬ್ದಾರಿ, ಇದರ ಬಗ್ಗೆ ತಮಾಷೆ ಬೇಡ, ನಂಗೆ ಕಷ್ಟ ಆಗತ್ತೆ" ಅಂತ ಬಿಡಿಸಿ ಹೇಳಿ. ಹೇಳದೇನೇ ಅರ್ಥ ಮಾಡ್ಕೊಳ್ಳಲಿ ಅಂತ ಕಾದ್ರೆ ಕಾಯ್ತಾನೇ ಇರ್ತೀರಾ. ಒಬ್ಬರೇ ಮಗು ನೋಡ್ಕೊಳ್ಳೋರಿಗೆ ಈ ದಾರಿ ಇಲ್ಲ, ಗೊತ್ತು. ಅವರಿಗೆ ಮಗು ಜೊತೆಗೇ ಮಾಡೋ ವ್ಯಾಯಾಮಾನೇ ಸರಿ, ಬೆನ್ನು ಹತ್ತತ್ತೆ, ಕೂದಲು ಎಳೆಯತ್ತೆ, ಎಣಿಕೆ ತಪ್ಪತ್ತೆ, ಪರವಾಗಿಲ್ಲ.

ಇನ್ನು ಏನು ಮಾಡೋದು. ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದು, ಗೋಡೆಗೆ ಕೈ ಕೊಟ್ಟು ಪುಷಪ್, ಬೆನ್ನ ಮೇಲೆ ಮಲಗಿ ಮಂಡಿ ಮಡಚಿ ಸೊಂಟ ಮೇಲೆತ್ತೋದು, ನಿಂತು ಹಿಮ್ಮಡಿ ಎತ್ತಿ ಇಳಿಸೋದು. ಮೊದಲ ತಿಂಗಳಿಗೆ ಇಷ್ಟು ಸಾಕು, ಯಾವ ಸಾಮಾನೂ ಬೇಡ. ಒಂದೊಂದನ್ನೂ ಇನ್ನು ಎರಡು ಮೂರು ಸಲ ಮಾಡಬಹುದಿತ್ತು ಅನ್ನೋವಾಗ ನಿಲ್ಲಿಸಿ, ಸುಸ್ತಾಗಿ ಬೀಳೋ ತನಕ ಮಾಡ್ಬೇಡಿ. ನಡಿಗೆಯಾದ್ರೆ ಮಾತಾಡೋಕೆ ಆಗ್ಬೇಕು ಆದ್ರೆ ಹಾಡೋಕೆ ಆಗ್ಬಾರ್ದು, ಅದೇ ಮಧ್ಯಮ ವೇಗ, ವಾಚ್ ಇಲ್ಲದೇನೂ ಗೊತ್ತಾಗತ್ತೆ. ಮಾರನೇ ದಿನ ತೊಡೆ ಹಿಡ್ಕೊಂಡ್ರೆ ಗಾಬರಿ ಬೇಡ, ಹೊಸ ವ್ಯಾಯಾಮದ ಮೈಕೈ ನೋವು ಒಂದರಿಂದ ಮೂರು ದಿನದೊಳಗೆ ಜೋರಾಗಿ ಆಮೇಲೆ ತಾನಾಗೇ ಇಳಿಯತ್ತೆ, ಎಷ್ಟೋ ಜನ ಅಂದ್ಕೊಂಡ ಹಾಗೆ ಜೋರು ವ್ಯಾಯಾಮದಲ್ಲಿ ಸ್ನಾಯುಗಳಲ್ಲಿ ಹುಟ್ಟೋ ಲ್ಯಾಕ್ಟಿಕ್ ಆಸಿಡ್ ಅಲ್ಲ ಅದಕ್ಕೆ ಕಾರಣ, ಆ ಆಸಿಡ್ ವ್ಯಾಯಾಮ ನಿಲ್ಲಿಸಿದ ಒಂದೆರಡು ಗಂಟೇಲೇ ರಕ್ತದಿಂದ ಇಳಿದುಹೋಗಿರತ್ತೆ. ಕೀಲಿನೊಳಗೆ ಚುಚ್ಚಿದ ಹಾಗೆ ಆಗೋ ನೋವು ಬೇರೆ, ಊದಿಕೊಳ್ಳೋದು ಬೇರೆ, ಅದಕ್ಕೆ ತೋರಿಸ್ಕೊಳ್ಳಿ.

ಮೊದಲ ಕೆಲವು ವಾರ ಕನ್ನಡೀಲಿ ಏನೂ ಕಾಣಲ್ಲ. ಆದ್ರೆ ಕುರ್ಚಿಯಿಂದ ಏಳೋದು ಸುಲಭ ಆಗಿರತ್ತೆ, ಯಾಕಂದ್ರೆ ಆ ಹೊತ್ತಿಗೆ ಸ್ನಾಯು ದಪ್ಪ ಆಗಿರಲ್ಲ, ಇರೋ ಸ್ನಾಯುವನ್ನೇ ಚೆನ್ನಾಗಿ ಬಳಸೋಕೆ ನರಗಳು ಕಲಿತಿರತ್ವೆ. ಅದಕ್ಕೇ ತೂಕದ ಮೆಷೀನ್ ಹತ್ತೋದನ್ನ ಸ್ವಲ್ಪ ದಿನ ಬಿಟ್ಬಿಡಿ ಅಂತೀನಿ, ಮಗುನ ಎತ್ಕೊಂಡು ಒಂದು ಮಹಡಿ ಹತ್ತಿದಾಗ ಉಸಿರು ಹೇಗಿದೆ ಅಂತ ನೋಡ್ಕೊಳ್ಳಿ, ಅದು ಮೊದಲು ಬದಲಾಗತ್ತೆ.

ಹೆರಿಗೆ ಆದೋರಿಗೆ ಸ್ವಲ್ಪ ಬೇರೆ ಮಾತು ಹೇಳ್ಬೇಕು. ಹಾರಿದ್ರೆ, ಕೆಮ್ಮಿದ್ರೆ, ಓಡಿದ್ರೆ ಹನಿ ಮೂತ್ರ ಬರೋದು ತುಂಬಾ ಹೆಂಗಸ್ರಿಗೆ ಇರತ್ತೆ, ಹೇಳ್ಕೊಳ್ಳೋರು ಕಮ್ಮಿ. ಟೈಮ್ ಇಲ್ಲ ಅಂತ ಜಿಮ್ ಬಿಟ್ಟೆ ಅನ್ನೋರಲ್ಲಿ ಕೆಲವರ ನಿಜವಾದ ಕಾರಣ ಇದೇ, ಅದು ಹೊರಗೆ ಬರೋಕೆ ಮೂರ್ನಾಲ್ಕು ಭೇಟಿ ಹಿಡಿಯತ್ತೆ. ಹೆರಿಗೆ ಆದ್ಮೇಲೆ ಇದೆಲ್ಲಾ ಇದ್ದದ್ದೇ ಅಂತ ಸುಮ್ನಾಗಬೇಡಿ, ಇದಕ್ಕೆ ಚಿಕಿತ್ಸೆ ಇದೆ. ಕೆಳಹೊಟ್ಟೆಯ ತಳದ ಸ್ನಾಯುಗಳನ್ನ, ಅಂದ್ರೆ ಮೂತ್ರ ತಡೆಹಿಡಿಯೋವಾಗ ಬಿಗಿ ಆಗೋ ಸ್ನಾಯುಗಳನ್ನ, ಒಂದು ಸಲಕ್ಕೆ ಕನಿಷ್ಠ 8 ಬಾರಿಯಂತೆ ದಿನಕ್ಕೆ 3 ಸಲ ಬಿಗಿಹಿಡಿದು ಬಿಡೋದು, ಕನಿಷ್ಠ 3 ತಿಂಗಳು. ಸರಿಯಾದ ಸ್ನಾಯು ಬಿಗಿಯಾಗ್ತಿದೆಯಾ ಅಂತ ಒಂದು ಸಲ ತಿಳಿದೋರ ಹತ್ರ ನೋಡಿಸ್ಕೊಳ್ಳಿ, ಉಸಿರು ಹಿಡಿದು ಕೆಳಗೆ ತಳ್ಳೋರೇ ಜಾಸ್ತಿ, ಅದು ತದ್ವಿರುದ್ಧ ಕೆಲಸ. ಓಟ, ಹಾರಾಟ ಹೆರಿಗೆಯಾಗಿ ಮೂರು ತಿಂಗಳಾದ್ರೂ ಆಗೋ ತನಕ ಬೇಡ, ಆಮೇಲೂ ಸೋರೋದು, ಕೆಳಗೆ ಭಾರ ಎಳೆದ ಹಾಗೆ ಆಗೋದು ಇದ್ರೆ ಬೇಡ. ಸಿಸೇರಿಯನ್ ಆಗಿದ್ರೆ ಹೊಟ್ಟೆ ವ್ಯಾಯಾಮ ಯಾವಾಗ ಅಂತ ನಿಮ್ಮ ಡಾಕ್ಟ್ರನ್ನೇ ಕೇಳಿ.

ಯಾವಾಗ ಮಾಡೋದು ಅನ್ನೋದಕ್ಕೆ "ಬಿಡುವಾದಾಗ" ಅನ್ನೋ ಉತ್ತರ ನಾನು ಒಪ್ಪಲ್ಲ, ಪೇರೆಂಟ್ಸ್‌ಗೆ ಬಿಡುವು ಅನ್ನೋದು ಬರೋದೇ ಇಲ್ಲ. 2002ರಲ್ಲಿ ಬ್ರಿಟನ್ನಿನ ವಿದ್ಯಾರ್ಥಿಗಳ ಮೇಲೆ ನಡೆದ ಒಂದು ಅಧ್ಯಯನದಲ್ಲಿ, ಮುಂದಿನ ವಾರ ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ಅಂತ ಬರೆದಿಟ್ಟೋರಲ್ಲಿ 91% ಜನ ಆ ವಾರ ವ್ಯಾಯಾಮ ಮಾಡಿದ್ರು, ಆರೋಗ್ಯಕ್ಕೆ ಎಷ್ಟು ಒಳ್ಳೇದು ಅಂತ ಬರೀ ಓದಿದ ಗುಂಪಿನಲ್ಲಿ 40% ಕೂಡ ದಾಟಲಿಲ್ಲ. ಒಂದೇ ವಾರದ ಲೆಕ್ಕ, ಅವರಿಗೆ ಮಕ್ಕಳೂ ಇದ್ದಿರಲಿಕ್ಕಿಲ್ಲ, ಆದ್ರೆ ಈ ಉಪಾಯಕ್ಕೆ ಖರ್ಚೇ ಇಲ್ಲವಲ್ಲ. ಪೇರೆಂಟ್ಸ್‌ಗೆ ನಾನು ಗಂಟೆ ಬದಲು ಘಟನೆಗೆ ಕಟ್ಟಿ ಅಂತೀನಿ: ಮಗುನ ಸ್ಕೂಲ್ ಹತ್ರ ಬಿಟ್ಟ ತಕ್ಷಣ, ಸ್ನಾನಕ್ಕೆ ಹೋಗೋ ಮುಂಚೆ. ಜೊತೆಗೆ ಕೆಟ್ಟ ದಿನಕ್ಕೆ ಅಂತಾನೇ ಎರಡು ನಿಮಿಷದ ಚಿಕ್ಕ ಪಟ್ಟಿ ಒಂದು ಬೇರೆ ಇರ್ಲಿ, ರಾತ್ರಿ ಪೂರ್ತಿ ಮಗು ಎಬ್ಬಿಸಿದ್ರೆ ಅಷ್ಟೇ ಮಾಡಿ ಮಲಗಿ. ಲಂಡನ್ನಿನಲ್ಲಿ ಸಂಶೋಧಕಿ ಫಿಲಿಪಾ ಲಾಲಿ ಮತ್ತೆ ಅವರ ತಂಡದೋರು ಅಭ್ಯಾಸ ಹೇಗೆ ಹತ್ತತ್ತೆ ಅಂತ ಅಳೆದು ನೋಡಿದಾಗ ಮಧ್ಯದ ಲೆಕ್ಕ 66 ದಿನ ಬಂತು, ಕೆಲವರಿಗೆ 18, ಕೆಲವರಿಗೆ 254ರ ಅಂದಾಜು. ಮಧ್ಯೆ ಒಂದು ದಿನ ತಪ್ಪಿದ್ರಿಂದ ಅಂಥಾ ವ್ಯತ್ಯಾಸವೇನೂ ಆಗ್ಲಿಲ್ಲ. 21 ದಿನ ಮಾಡಿದ್ರೆ ಅಭ್ಯಾಸ ಆಗಿಬಿಡತ್ತೆ ಅನ್ನೋ ಮಾತನ್ನ ನಂಬಿ 22ನೇ ದಿನ ಕಷ್ಟ ಆದಾಗ ನನ್ನಿಂದಾಗಲ್ಲ ಅಂದ್ಕೊಳ್ಳೋರಿಗೆ ಈ ಸಂಖ್ಯೆ ಹೇಳ್ತಿರ್ತೀನಿ.

ಎದೆ ನೋವು, ತಲೆ ಸುತ್ತಿ ಬೀಳೋದು, ಸುಮ್ನೆ ಕೂತಾಗ್ಲೂ ಉಸಿರು ಕಟ್ಟೋದು ಇದ್ರೆ ಮೊದಲು ಡಾಕ್ಟ್ರು, ಆಮೇಲೆ ವ್ಯಾಯಾಮ. ಬಿಪಿಗೋ ಶುಗರಿಗೋ ಮಾತ್ರೆ ತಗೋತಿದ್ರೂ ಡಾಕ್ಟ್ರನ್ನ ಒಂದು ಮಾತು ಕೇಳಿ.

ಜಿಮ್ಮಿಗೆ ಹೋಗ್ಲೇಬೇಕು ಅನ್ನೋ ಆಸೆ ಇರೋರು ಮನೇಲಿ ಒಂದೆರಡು ತಿಂಗಳು ಆದ್ಮೇಲೆ ಹೋಗಿ, ಜನ ಕಮ್ಮಿ ಇರೋ ಹೊತ್ತು ಯಾವುದು ಅಂತ ಫೋನ್ ಮಾಡಿ ಕೇಳಿ. ಮೊದಲ ದಿನ ವರ್ಕೌಟ್ ಮಾಡ್ಲೇಬೇಕು ಅಂತಿಲ್ಲ, ಬಟ್ಟೆ ಬದಲಾಯಿಸೋ ಜಾಗ ಎಲ್ಲಿದೆ, ಯಾವ ಮೆಷೀನ್ ಎಲ್ಲಿದೆ ಅಂತ ನೋಡ್ಕೊಂಡು ಟ್ರೆಡ್‌ಮಿಲ್ ಮೇಲೆ ಹತ್ತು ನಿಮಿಷ ನಡೆದು ಬನ್ನಿ. ಎರಡನೇ ಸಲ ಹೋಗೋವಾಗ ಮೂರೇ ಮೂರು ವ್ಯಾಯಾಮ ಚೀಟೀಲಿ ಬರ್ಕೊಂಡು ಹೋಗಿ, ಮುಂದೇನು ಮಾಡ್ಬೇಕು ಅಂತ ತೋಚದೆ ನಡುವಲ್ಲಿ ನಿಂತುಬಿಟ್ಟಾಗ್ಲೇ ಎಲ್ಲರೂ ನೋಡ್ತಿದ್ದಾರೆ ಅನ್ಸೋಕೆ ಶುರುವಾಗೋದು.