ಮೊಮ್ಮಗಳ ಫೀಸು, ಅಜ್ಜನ ಡೆಪಾಸಿಟ್ಟು

ಮೇ ತಿಂಗಳ ಕೊನೆಯ ವಾರ ನಿವೃತ್ತ ಮೇಷ್ಟ್ರೊಬ್ಬರು ಕಚೇರಿಗೆ ಬಂದರು. ಅವರು ನಿವೃತ್ತರಾಗುವ ಮೊದಲಿನಿಂದಲೂ ಅವರ ತೆರಿಗೆ ಲೆಕ್ಕ ನೋಡುತ್ತಿರುವುದು ನಾನೇ. ಕುರ್ಚಿಯಲ್ಲಿ ಕೂರುವ ಮೊದಲೇ ಪಾಸ್‌ಬುಕ್ ಮೇಜಿನ ಮೇಲಿಟ್ಟು, "ಒಂದು ಡೆಪಾಸಿಟ್ ಮುರಿಸಬೇಕಮ್ಮ. ಎಷ್ಟು ಕಳೀತಾರೆ, ನೋಡಿ ಹೇಳು" ಅಂದರು. ಯಾಕೆ ಅಂತ ಕೇಳಿದೆ. ಬೆಂಗಳೂರಿನಲ್ಲಿರುವ ಮಗನ ಮಗಳು ಮೂರನೇ ಕ್ಲಾಸಿಗೆ ಹೋಗಬೇಕು, ಫೀಸು 1,20,000 ರೂಪಾಯಿ. "ಅವನೇನೂ ಕೇಳಿಲ್ಲ. ಮನೆ ಸಾಲದ ಕಂತಿನಲ್ಲೇ ಹೈರಾಣಾಗಿದಾನೆ. ಮತ್ತೆ ನಾನಿರೋದು ಯಾಕೆ?"

ಮೊಮ್ಮಕ್ಕಳಿಗೆ ಅಜ್ಜ ಅಜ್ಜಿ ಕೊಡುವುದು ನಮ್ಮಲ್ಲಿ ಹೊಸದಲ್ಲ. ಆದರೆ ಅದಕ್ಕೊಂದು ಪಟ್ಟಿಯಿತ್ತು. ಚೊಚ್ಚಲ ಬಾಣಂತನ ತವರಿನವರದು. ನಾಮಕರಣಕ್ಕೆ ತೊಟ್ಟಿಲು, ಬೆಳ್ಳಿ ಉಡಿದಾರ, ಕೈಗೆ ಕಡಗ, ಹಬ್ಬಕ್ಕೊಂದು ಹೊಸ ಬಟ್ಟೆ. ವರ್ಷವಿಡೀ ಬೇಕಾಗುವ ಪಾಟಿ, ಪುಸ್ತಕ, ಚಪ್ಪಲಿ ಅಪ್ಪ ಅಮ್ಮನ ಖರ್ಚು. ಈಗ ಈ ಗೆರೆ ಅಳಿಸಿಹೋಗಿದೆ. ಶಾಲೆಯ ಫೀಸು, ವ್ಯಾನಿನ ಬಾಡಿಗೆ, ಯೂನಿಫಾರಂ, ಟ್ಯಾಬು, ಕೊನೆಗೆ ಟ್ಯೂಷನ್ನಿನ ದುಡ್ಡೂ ಅಜ್ಜನ ಪಿಂಚಣಿ ಖಾತೆಯಿಂದ ಹೋಗುತ್ತಿರುವುದನ್ನು ನಾನು ಪಾಸ್‌ಬುಕ್ಕುಗಳಲ್ಲಿ ನೋಡುತ್ತಿದ್ದೇನೆ. ತೊಟ್ಟಿಲು ಒಮ್ಮೆ ಕೊಟ್ಟರೆ ಮುಗಿಯಿತು. ಫೀಸು ಹಾಗಲ್ಲ. ಎಲ್‌ಕೆಜಿಗೆ ಹಿಡಿದ ಕೈಯನ್ನು ಪಿಯುಸಿ ತನಕ ಬಿಡಿಸಿಕೊಳ್ಳಲಾಗದು, ಅಷ್ಟರಲ್ಲಿ ಅಜ್ಜನಿಗೆ ಎಂಬತ್ತು ದಾಟಿರುತ್ತದೆ.

ಮೇಷ್ಟ್ರು ತಂದಿದ್ದು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಪಾಸ್‌ಬುಕ್. ನಿವೃತ್ತಿಯಲ್ಲಿ ಬಂದ ಹಣದಲ್ಲಿ 15 ಲಕ್ಷವನ್ನು ಶೇ 8.2ರ ಬಡ್ಡಿಗೆ ಇಟ್ಟಿದ್ದರು. ಮೂರು ತಿಂಗಳಿಗೊಮ್ಮೆ 30,750 ರೂಪಾಯಿ ಬರುತ್ತದೆ, ವರ್ಷಕ್ಕೆ 1,23,000. ಈ ಖಾತೆಯಿಂದ ಸ್ವಲ್ಪ ಹಣ ಮಾತ್ರ ತೆಗೆಯಲು ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ. ತೆಗೆದರೆ ಇಡೀ ಖಾತೆಯನ್ನೇ ಮುಚ್ಚಬೇಕು. ಅವರದು ಎರಡನೇ ವರ್ಷದಲ್ಲಿತ್ತು. ಒಂದು ವರ್ಷ ದಾಟಿ ಎರಡು ವರ್ಷದೊಳಗೆ ಮುಚ್ಚಿದರೆ ಅಸಲಿನಲ್ಲಿ ಶೇ 1.5 ಕಡಿತ, ಎರಡು ವರ್ಷದ ನಂತರ ಮುಚ್ಚಿದರೆ ಶೇ 1. ಅಂದರೆ 1,20,000 ಕೊಡಲು ಹೊರಟವರು 22,500 ರೂಪಾಯಿಯನ್ನು ಸುಮ್ಮನೆ ಬಿಟ್ಟುಕೊಡಬೇಕು. ಕಾಗದದ ಮೇಲೆ ಬರೆದು ತೋರಿಸಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ.

ನಾನು ಕೇಳಿದ ಇನ್ನೊಂದು ಪ್ರಶ್ನೆ ಅವರಿಗೆ ಇದಕ್ಕಿಂತ ಕಷ್ಟದ್ದಾಯಿತು. "ನಿಮ್ಮ ನಂತರ ಅಮ್ಮನವರಿಗೆ ತಿಂಗಳಿಗೆ ಎಷ್ಟು ಬರುತ್ತೆ ಸರ್?" ಕರ್ನಾಟಕ ಸರ್ಕಾರಿ ನೌಕರರ ಪೂರ್ಣ ಪಿಂಚಣಿ ಕೊನೆಯ ಮೂಲ ವೇತನದ ಶೇ 50, ಕುಟುಂಬ ಪಿಂಚಣಿ ಶೇ 30. ಮನೆಯ ಖರ್ಚು, ಮಾತ್ರೆಯ ಖರ್ಚು ಆ ಲೆಕ್ಕದಲ್ಲಿ ಇಳಿಯುವುದಿಲ್ಲ. ನಡುವಿನ ಕೊರತೆಯನ್ನು ತುಂಬಬೇಕಾದದ್ದು ಈ 15 ಲಕ್ಷವೇ. ಮೇಷ್ಟ್ರು ಮೊಮ್ಮಗಳಿಗೆ ಕೊಡಹೊರಟಿದ್ದು ತಮ್ಮ ಹಣವನ್ನಲ್ಲ, ಪಕ್ಕದಲ್ಲಿ ಕೂತು ಏನೂ ಮಾತಾಡದ ತಮ್ಮ ಹೆಂಡತಿಯ ಮುಂದಿನ ದಿನಗಳ ಹಣವನ್ನು.

ಅಸಲಿಗಿಂತ ಬಡ್ಡಿಯ ಮೇಲೆ ಪ್ರೀತಿ ಜಾಸ್ತಿ ಅಂತ ಮೊಮ್ಮಕ್ಕಳ ಬಗ್ಗೆ ಹೇಳುತ್ತಾರಲ್ಲ, ನನ್ನ ಸಲಹೆಯೂ ಆ ಮಾತಿನಲ್ಲೇ ಇದೆ. ಬಡ್ಡಿಗೆ ಬಡ್ಡಿಯಿಂದಲೇ ಕೊಡಿ, ಅಸಲು ಮುರಿದು ಕೊಡಬೇಡಿ. ಈ ಯೋಜನೆಯ ಬಡ್ಡಿ ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ತಿಂಗಳ ಮೊದಲ ಕೆಲಸದ ದಿನ ಬೀಳುತ್ತದೆ. ವರ್ಷದ ನಾಲ್ಕು ಕಂತಿನಲ್ಲಿ ಏಪ್ರಿಲ್‌ನ ಒಂದು ಕಂತು ಮೊಮ್ಮಗಳದು, ಉಳಿದ ಮೂರು ನಿಮ್ಮಿಬ್ಬರದು ಎಂದೆ. ಫೀಸಿನ ಕಾಲು ಭಾಗ ಅಜ್ಜನದು ಎಂದು ಮಗನಿಗೆ ಮೊದಲೇ ಗೊತ್ತಿದ್ದರೆ ಉಳಿದದ್ದಕ್ಕೆ ಅವನು ದಾರಿ ನೋಡಿಕೊಳ್ಳುತ್ತಾನೆ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ನನ್ನ ಮಗಳು ಒಂದನೇ ಕ್ಲಾಸಿಗೆ ಸೇರಿದ ವರ್ಷ ಅವಳ ಫೀಸು ಕಟ್ಟಿದ್ದು ನನ್ನ ಅಪ್ಪ. ಅವರ ಕೈಯಲ್ಲಿ ಇರುವುದನ್ನು ಕೊಟ್ಟರು ಅಂದುಕೊಂಡು ತೆಗೆದುಕೊಂಡೆ. ಕಣ್ಣಿನ ಪೊರೆ ತೆಗೆಸಲು ಎತ್ತಿಟ್ಟಿದ್ದ ದುಡ್ಡು ಅದು ಅಂತ ಎರಡು ವರ್ಷದ ನಂತರ ಅಮ್ಮನಿಂದ ತಿಳಿಯಿತು. ಆ ಎರಡು ವರ್ಷ ಅಪ್ಪ ದಿನಪತ್ರಿಕೆಯ ತಲೆಬರಹ ಮಾತ್ರ ಓದುತ್ತಿದ್ದರು. ಊರವರ ಲೆಕ್ಕವನ್ನೆಲ್ಲ ನೋಡುವ ನಾನು ನನ್ನಪ್ಪನ ಲೆಕ್ಕ ಕೇಳಿರಲಿಲ್ಲ. ಅಪ್ಪ ಅಮ್ಮ ಏನಾದರೂ ಕೊಟ್ಟಾಗ "ಇದು ಎಲ್ಲಿಂದ ತಂದಿರಿ" ಅಂತ ಕೇಳುವುದು ಮಕ್ಕಳ ಜವಾಬ್ದಾರಿ.

ಇನ್ನು ಯಾರ ಹೆಸರಿನಲ್ಲಿ, ಯಾವ ದಾರಿಯಲ್ಲಿ ಕೊಡಬೇಕು ಎಂಬ ವಿಷಯ. ಅಜ್ಜ ಅಜ್ಜಿ ಮೊಮ್ಮಕ್ಕಳಿಗಾಗಲಿ ಮಗ ಮಗಳಿಗಾಗಲಿ ಕೊಟ್ಟ ಉಡುಗೊರೆಗೆ, ಎಷ್ಟೇ ದೊಡ್ಡದಿರಲಿ, ಪಡೆದವರು ಆದಾಯ ತೆರಿಗೆ ಕಟ್ಟಬೇಕಿಲ್ಲ. ಆದರೂ ಅಜ್ಜ ನೇರವಾಗಿ ಶಾಲೆಯ ಕೌಂಟರಿನಲ್ಲಿ ಕಟ್ಟುವುದು ನನಗೆ ಸರಿಕಾಣುವುದಿಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಇಬ್ಬರು ಮಕ್ಕಳ ಬೋಧನಾ ಶುಲ್ಕಕ್ಕೆ ವಿನಾಯಿತಿ ಸಿಗುತ್ತದೆ, ಆದರೆ ಅದು ತಮ್ಮ ಮಕ್ಕಳಿಗೆ ತಾವೇ ಕಟ್ಟಿದ ತಂದೆ ತಾಯಿಗೆ ಮಾತ್ರ. ಅಜ್ಜ ಕಟ್ಟಿದರೆ ಅಜ್ಜನಿಗೂ ಇಲ್ಲ, ಮಗನಿಗೂ ಇಲ್ಲ. ಮಗನ ಖಾತೆಗೆ ಬ್ಯಾಂಕಿನ ಮೂಲಕವೇ ಹಾಕಿ, ಅವನೇ ಕಟ್ಟಲಿ. ಇಷ್ಟು ಹಣ ಉಡುಗೊರೆಯಾಗಿ ಕೊಟ್ಟಿದ್ದೇನೆ ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಡಿ.

ಮೊಮ್ಮಗುವಿನ ಹೆಸರಿನಲ್ಲೇ ಎಫ್‌ಡಿ ಮಾಡುವವರು ಬಹಳ. ಮಗು ಅಪ್ರಾಪ್ತವಾಗಿರುವ ತನಕ ಅದರ ಬಡ್ಡಿ ತಂದೆ ತಾಯಿಯಲ್ಲಿ ಯಾರ ಆದಾಯ ಹೆಚ್ಚೋ ಅವರ ಲೆಕ್ಕಕ್ಕೆ ಸೇರುತ್ತದೆ, ತೆರಿಗೆಯೂ ಅವರದೇ. ಹಿರಿಯ ನಾಗರಿಕರಿಗೆ ಬ್ಯಾಂಕುಗಳು ಕೊಡುವ ಹೆಚ್ಚುವರಿ ಬಡ್ಡಿಯೂ ಕೈತಪ್ಪುತ್ತದೆ. ಅದಕ್ಕಿಂತ ಎಫ್‌ಡಿ ನಿಮ್ಮ ಹೆಸರಿನಲ್ಲೇ ಇರಲಿ. ನಂತರ ಅದು ಮೊಮ್ಮಗುವಿಗೇ ಸೇರಬೇಕು ಎಂದಿದ್ದರೆ ನಾಮಿನಿ ಮಾಡಿಸಿದರೆ ಸಾಲದು. ನಾಮಿನಿ ಹಣ ಪಡೆಯುವವನು ಅಷ್ಟೇ, ವಾರಸುದಾರನಲ್ಲ. ಉಯಿಲು ಬರೆಯಿರಿ.

ಹೆಣ್ಣುಮಕ್ಕಳ ಹೆಸರಿನ ಉಳಿತಾಯ ಯೋಜನೆ ಸುಕನ್ಯಾ ಸಮೃದ್ಧಿಯ ಗೊಂದಲ ಈಗಲೂ ಮುಗಿದಿಲ್ಲ. 2015ರಲ್ಲಿ ಯೋಜನೆ ಬಂದಾಗಿನಿಂದ ಎಷ್ಟೋ ಅಜ್ಜಂದಿರು ತಾವೇ ಪೋಷಕರೆಂದು ಸಹಿ ಹಾಕಿ ಖಾತೆ ತೆರೆದರು, ಕೌಂಟರಿನವರೂ ತೆರೆದುಕೊಟ್ಟರು. ನಿಯಮದ ಪ್ರಕಾರ ತಂದೆ, ತಾಯಿ ಅಥವಾ ಕಾನೂನುಬದ್ಧ ಪೋಷಕರು ಮಾತ್ರ ತೆರೆಯಬಹುದು. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮಾರ್ಗಸೂಚಿಯಂತೆ ಇಂಥ ಖಾತೆಗಳ ಪೋಷಕತ್ವವನ್ನು ತಂದೆ ಅಥವಾ ತಾಯಿಗೆ ವರ್ಗಾಯಿಸಬೇಕು. ಹಣ ಎಲ್ಲಿಗೂ ಹೋಗುವುದಿಲ್ಲ, ಗಾಬರಿ ಬೇಡ. ಪಾಸ್‌ಬುಕ್, ಮಗುವಿನ ಜನನ ಪ್ರಮಾಣಪತ್ರ, ತಂದೆ ಅಥವಾ ತಾಯಿಯ ಗುರುತಿನ ದಾಖಲೆ ಹಿಡಿದು ಖಾತೆ ಇರುವ ಕಡೆಗೆ ಹೋಗಿ. ಒಂದೇ ಹುಡುಗಿಯ ಹೆಸರಿನಲ್ಲಿ ಅಜ್ಜ ಒಂದು, ಅಪ್ಪ ಒಂದು ಖಾತೆ ತೆರೆದಿದ್ದನ್ನೂ ಕಂಡಿದ್ದೇನೆ. ಒಬ್ಬಳಿಗೆ ಒಂದೇ ಖಾತೆ.

ನನಗೆ ಅತಿ ಹೆಚ್ಚು ಭಯವಾಗುವುದು ಸ್ಕೂಟರಿನ ವಿಷಯದಲ್ಲಿ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆ ಮಾರ್ಕ್ಸ್ ಬಂತು ಅಂತ ಹದಿನಾರರ ಮೊಮ್ಮಗನಿಗೆ ಸ್ಕೂಟರ್ ಕೊಡಿಸುತ್ತಾರೆ. ಅಪ್ಪ ಬೇಡ ಎಂದಿರುತ್ತಾನೆ, ಹಾಗಾಗಿ ಆರ್‌ಸಿ ಅಜ್ಜನ ಹೆಸರಿಗೆ. ಹದಿನಾರಕ್ಕೆ ಸಿಗುವ ಲೈಸೆನ್ಸ್ 50 ಸಿಸಿ ಮೀರದ, ಗೇರಿಲ್ಲದ ಗಾಡಿಗೆ ಮಾತ್ರ. ರಸ್ತೆಯಲ್ಲಿ ಓಡುವ ಮಾಮೂಲಿ ಸ್ಕೂಟರುಗಳು ಅದರಲ್ಲಿ ಬರುವುದಿಲ್ಲ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ ಪೋಷಕರ ಅಥವಾ ಮಾಲೀಕರ ಮೇಲೆ ಕೇಸು. 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ತುಂಬುವ ತನಕ ಲೈಸೆನ್ಸ್ ಇಲ್ಲ. ಇಲ್ಲಿ ಮಾಲೀಕ ಎಂದರೆ ಎಪ್ಪತ್ತು ದಾಟಿದ ಅಜ್ಜ. ಯಾರಿಗಾದರೂ ಪೆಟ್ಟಾದರೆ, ವಿಮೆಯವರು ಪರಿಹಾರ ಕೊಟ್ಟು ಆ ಹಣವನ್ನು ಅವರಿಂದಲೇ ವಸೂಲಿ ಮಾಡಬಹುದು. ಇದರಲ್ಲಿ ಮಾತ್ರ ನಾನು ಸಲಹೆ ಕೊಡುವುದಿಲ್ಲ, ಬೇಡವೇ ಬೇಡ ಎನ್ನುತ್ತೇನೆ.

ದುಡ್ಡಿನ ಲೆಕ್ಕಕ್ಕೆ ಸಿಗದ ಸಂಗತಿಗಳೂ ಇವೆ. ಬೀಗರು ಟ್ಯಾಬ್ ಕೊಡಿಸಿದರು, ನಾವು ಲ್ಯಾಪ್‌ಟಾಪ್ ಕೊಡಿಸದಿದ್ದರೆ ಹೇಗೆ ಎಂಬ ಪೈಪೋಟಿ. ಮಗನ ಮಕ್ಕಳಿಗೆ ಫೀಸು ಕಟ್ಟಿ, ಅದೇ ಊರಿನಲ್ಲಿರುವ ಮಗಳ ಮಕ್ಕಳಿಗೆ ಹಬ್ಬಕ್ಕೆ 500 ರೂಪಾಯಿ ಕೈಗಿಡುವುದು. ಆಗ ಯಾರೂ ತುಟಿ ಬಿಚ್ಚುವುದಿಲ್ಲ. ಆಸ್ತಿ ಪಾಲಾಗುವ ದಿನ "ಅಣ್ಣನ ಮಕ್ಕಳಿಗೆ ಅಪ್ಪ ಎಷ್ಟು ಸುರಿದರು, ಅದನ್ನೂ ಲೆಕ್ಕ ಹಾಕಿ" ಎಂಬ ಮಾತು ಬರುತ್ತದೆ. ಆ ಮಾತು ನನ್ನ ಮೇಜಿನ ಮುಂದೆಯೇ ಬಂದಿದೆ, ಒಂದಲ್ಲ ಹಲವು ಸಲ. ಎಲ್ಲರಿಗೂ ಸಮನಾಗಿ ಕೊಡಲು ಆಗದಿರಬಹುದು. ಯಾಕೆ ಹೆಚ್ಚು ಕಡಿಮೆ ಎಂಬುದನ್ನು ಬದುಕಿರುವಾಗಲೇ ಮಕ್ಕಳೆಲ್ಲರ ಮುಂದೆ ಹೇಳಿಬಿಟ್ಟರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಮೇಷ್ಟ್ರು ಅಂದು ಡೆಪಾಸಿಟ್ ಮುರಿಸಲಿಲ್ಲ. ಹಾಗಂತ ಒಪ್ಪಿಯೂ ಹೋಗಲಿಲ್ಲ. ಮಗನಿಗೆ ಹೇಗೆ ಹೇಳಲಿ ಎಂಬುದೇ ಅವರ ಸಂಕಟ. ಬಾಗಿಲ ತನಕ ಹೋದವರು ನಿಂತು, "ಕಾಲು ಭಾಗ ಅಂದ್ರೆ ಕಮ್ಮಿ ಅನ್ಸಲ್ವೇನಮ್ಮ ಅವನಿಗೆ?" ಎಂದು ಕೇಳಿದರು. ನಾನು ಉತ್ತರಿಸುವ ಮೊದಲೇ ಅವರ ಹೆಂಡತಿ, ಅಷ್ಟು ಹೊತ್ತಿನಲ್ಲಿ ಮೊದಲ ಬಾರಿಗೆ ಬಾಯಿಬಿಟ್ಟು, "ನಾನೇ ಹೇಳ್ತೀನಿ ಅವನಿಗೆ. ನೀವು ಪಾಸ್‌ಬುಕ್ ಒಳಗಿಡಿ" ಅಂದರು. ಬರುವ ಶನಿವಾರ ಮಗನನ್ನೂ ಕರೆದುಕೊಂಡು ಬನ್ನಿ ಎಂದು ಹೇಳಿ ಕಳಿಸಿದ್ದೇನೆ.