ಅಬ್ಬಿಯ ಬುಡದ ಬಿಳಿ ನೀರು

ಆಗುಂಬೆಯ ಆಸುಪಾಸಿನ ಹಳ್ಳಗಳು ತುಂಬಿ ಹರಿಯುವ ಆರಿದ್ರೆ, ಪುನರ್ವಸು ಮಳೆಯ ದಿನಗಳಲ್ಲಿ ಪುಟ್ಟ ಅಬ್ಬಿಯೊಂದರ, ಎಂದರೆ ಜಲಪಾತದ, ನೆತ್ತಿಯಿಂದ ಒಣ ಅಡಿಕೆ ಹಾಳೆಯನ್ನು ತೇಲಿಬಿಟ್ಟವರಿಗೆ ಈ ದೃಶ್ಯ ನೆನಪಿರಬಹುದು. ಧಾರೆಯೊಂದಿಗೆ ಧುಮುಕಿದ ಹಾಳೆ ಮಾಯವಾಗುತ್ತದೆ. ಎರಡು ಮಾರು ಕೆಳಗೆ ಮೇಲೆದ್ದು, ಇನ್ನೇನು ಹಳ್ಳದ ಜೊತೆ ಸಾಗಿತು ಎನ್ನುವಷ್ಟರಲ್ಲಿ ಹಿಂದಕ್ಕೆ ಜಾರಿ, ಧಾರೆಯ ಅಡಿಗೇ ಬಂದು ಮತ್ತೆ ಮುಳುಗುತ್ತದೆ. ಹುಡುಗರಾಗಿದ್ದಾಗ ನಾವು ಅದರ ಸುತ್ತುಗಳನ್ನು ಎಣಿಸುತ್ತಿದ್ದೆವು. ಆ ಗುಂಡಿಯಲ್ಲಿ ಚೌಡಿ ಇದ್ದಾಳೆ, ಇಳಿದವರನ್ನು ಬಿಡುವುದಿಲ್ಲ ಎಂದು ಹಿರಿಯರು ಗದರುತ್ತಿದ್ದರು. ಅವರು ಕೊಟ್ಟ ಕಾರಣ ಏನೇ ಇರಲಿ, ಎಚ್ಚರಿಕೆಯಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ.

ಇಂಥ ಕಡಿದಾದ ಹಳ್ಳಗಳಿಗೇ ಕಯಾಕ್ ಇಳಿಸುವ ಸಾಹಸಿಗಳಿದ್ದಾರೆ. ಕಯಾಕ್ ಎಂದರೆ ಒಬ್ಬರು ಸೊಂಟದವರೆಗೆ ಒಳಗೆ ತೂರಿಕೊಂಡು ಕೂರುವ, ಮೇಲ್ಭಾಗ ಮುಚ್ಚಿದ, ಎರಡೂ ತುದಿಗೆ ಅಲಗಿರುವ ಹುಟ್ಟಿನಿಂದ ನಡೆಸುವ ಕಿರುದೋಣಿ. ಕೇರಳದ ಕೋಯಿಕ್ಕೋಡ್ ಜಿಲ್ಲೆಯ ಚಾಲಿಪ್ಪುಳ, ಇರುವಂಜಿಪ್ಪುಳಗಳಲ್ಲಿ 2013ರಿಂದ ಮಳೆಗಾಲದಲ್ಲಿ ಕಯಾಕಿಂಗ್ ಉತ್ಸವ ನಡೆಯುತ್ತ ಬಂದಿದೆ. ಆ ಹೊಳೆಗಳೂ ನಮ್ಮವುಗಳಂತೆಯೇ ಪಶ್ಚಿಮಘಟ್ಟದ ಮಳೆಯನ್ನೇ ನಂಬಿದವು. ಹಿಮ ಕರಗಿ ಬರುವ ನೀರು ಅವಕ್ಕಿಲ್ಲ.

ಮಳೆಯನ್ನೇ ನಂಬಿದ ಹಳ್ಳಕ್ಕೆ ಗಂಟೆಗೊಂದು ಸ್ವಭಾವ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯಲ್ಲಿ ಕೂಡ ಜೂನ್ ಮೊದಲ ವಾರದ ಮಳೆ ಹಳ್ಳವನ್ನು ಅಷ್ಟಾಗಿ ಏರಿಸುವುದಿಲ್ಲ, ಏಕೆಂದರೆ ಬೇಸಿಗೆಯಲ್ಲಿ ಒಣಗಿದ ಮಣ್ಣು ಅದನ್ನು ಕುಡಿದುಬಿಡುತ್ತದೆ. ಜುಲೈ ಹೊತ್ತಿಗೆ ಮಣ್ಣಿನ ಹೊಟ್ಟೆ ತುಂಬಿ, ದರೆಯಲ್ಲೆಲ್ಲ ಒರತೆ ಏಳುತ್ತದೆ. ಆಗ ಐದು ಚದರ ಕಿಲೋಮೀಟರಿನ ನೀರು ಬಸಿಯುವ ಹಳ್ಳವೊಂದರ ಮೇಲೆ ಗಂಟೆಯಲ್ಲಿ 50 ಮಿಲಿಮೀಟರ್ ಮಳೆ ಸುರಿದು, ಅದರ ಅರ್ಧ ಮಾತ್ರ ಮೂರು ಗಂಟೆಯೊಳಗೆ ಹರಿದುಬಂತೆಂದು ಇಟ್ಟುಕೊಳ್ಳಿ. ಸೆಕೆಂಡಿಗೆ ಸುಮಾರು 11.5 ಘನ ಮೀಟರ್, ಪತ್ರಿಕೆಯ ಭಾಷೆಯಲ್ಲಿ 400 ಕ್ಯುಸೆಕ್. ಬೆಳಿಗ್ಗೆ ಪಂಚೆ ಎತ್ತಿಕೊಂಡು ದಾಟಿದ ಹಳ್ಳವಿದು! ಮಳೆ ನಿಂತರೆ ಸಂಜೆಗೆ ಇಳಿದೂ ಬಿಡುತ್ತದೆ. ಆದ್ದರಿಂದ ಕಯಾಕಿಗರು ದಡದ ಒಂದು ಬಂಡೆಯನ್ನು ಗುರುತಾಗಿಟ್ಟುಕೊಂಡು, ಅದು ಎಷ್ಟು ಮುಳುಗಿದೆ ಎಂಬುದನ್ನು ನೋಡಿಯೇ ಇಳಿಯುವುದೋ ಬಿಡುವುದೋ ನಿರ್ಧರಿಸುತ್ತಾರೆ.

ಈಗ ಗುಂಡಿಗೆ ಬರೋಣ. ಐದು ಮೀಟರ್ ಎತ್ತರದಿಂದ ಬಿದ್ದ ನೀರು ಬುಡ ಮುಟ್ಟುವಾಗ ಗಂಟೆಗೆ ಸುಮಾರು 36 ಕಿಲೋಮೀಟರ್ ವೇಗದಲ್ಲಿರುತ್ತದೆ. ಅದು ಗುಂಡಿಯ ಆಳಕ್ಕೆ ಇಳಿದು, ತಳದ ಗುಂಟ ಮುಂದೆ ಸಾಗಿ, ಸ್ವಲ್ಪ ದೂರದಲ್ಲಿ ಕುದಿಯುವ ಎಸರಿನಂತೆ ಉಕ್ಕಿ ಮೇಲೆ ಬರುತ್ತದೆ. ಹೀಗೆ ಉಕ್ಕಿದ್ದರಲ್ಲಿ ಒಂದು ಪಾಲು ಕೆಳಗೆ ಹರಿದುಹೋದರೆ, ಇನ್ನೊಂದು ಪಾಲು ಮೇಲ್ಮೈಯಲ್ಲಿ ಹಿಂದಕ್ಕೆ, ಧಾರೆಯ ಕಡೆಗೆ ಹೊರಳುತ್ತದೆ. ನಮ್ಮ ಹಾಳೆಯನ್ನು ಹಿಡಿದಿಟ್ಟದ್ದು ಈ ಎರಡನೆಯ ಪಾಲು. ಕಯಾಕಿಗರಿಗೆ ಮುಖ್ಯವಾದ ಗೆರೆ ಇದೇ: ನೀರು ಉಕ್ಕುವ ಜಾಗದಿಂದ ಆಚೆಗೆ ಬಿದ್ದರೆ ಹಳ್ಳವೇ ದೋಣಿಯನ್ನು ಒಯ್ಯುತ್ತದೆ, ಈಚೆಗೆ ಬಿದ್ದರೆ ಧಾರೆಯ ಅಡಿಗೆ ಎಳೆಯುತ್ತದೆ.

ಅದರ ಮೇಲೆ ಗಾಳಿಯ ಆಟ ಬೇರೆ. ನೀರು ಬೆಳ್ಳಗೆ ಕಾಣುವುದು ಅದರೊಳಗಿನ ಲೆಕ್ಕವಿಲ್ಲದಷ್ಟು ಗುಳ್ಳೆಗಳು ಬೆಳಕನ್ನು ಎಲ್ಲ ಕಡೆಗೂ ಚೆದುರಿಸುವುದರಿಂದ. ಗಾತ್ರದಲ್ಲಿ ಶೇ. 40ರಷ್ಟು ಗಾಳಿ ಬೆರೆತಿದ್ದರೆ ಒಂದು ಲೀಟರ್ ನೊರೆನೀರು ತೂಗುವುದು 600 ಗ್ರಾಂ ಮಾತ್ರ. ಮನುಷ್ಯದೇಹದ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ ಇರುವುದರಿಂದ, 60 ಕಿಲೋ ತೂಕದವನನ್ನು ಈ ನೊರೆ 36 ಕಿಲೋದಷ್ಟು ಮಾತ್ರ ಹೊರಬಲ್ಲದು. ಎಂಥ ಈಜುಗಾರನೂ ಅದರಲ್ಲಿ ಕುಸಿಯುತ್ತಾನೆ. ಸುಮಾರು 270 ಲೀಟರ್ ಗಾತ್ರದ, ಸವಾರನೂ ಸೇರಿ 100 ಕಿಲೋ ತೂಗುವ ಕಯಾಕ್ ಮುಳುಗದಿದ್ದರೂ ಬಹಳ ತಗ್ಗಿ ನಿಲ್ಲುತ್ತದೆ, ಮತ್ತು ಹುಟ್ಟಿಗೆ ಹಿಡಿತವೇ ಸಿಗುವುದಿಲ್ಲ. ಹಾಗೆಂದು ನೊರೆ ಬರಿಯ ಶತ್ರುವಲ್ಲ. ಎತ್ತರದಿಂದ ಬೀಳುವವರಿಗೆ ಅದೇ ಹಾಸಿಗೆ, ಏಕೆಂದರೆ ಗಾಳಿ ಸೇರದ ಗಟ್ಟಿ ನೀರಿನ ಮೇಲೆ ದೋಣಿ ಚಪ್ಪಟೆಯಾಗಿ ಬಡಿದರೆ ಪೆಟ್ಟು ನೇರ ಬೆನ್ನುಮೂಳೆಗೆ ಹೋಗುತ್ತದೆ. ಆದ್ದರಿಂದ ದೊಡ್ಡ ಅಬ್ಬಿಗಳಲ್ಲಿ ಮೂತಿ ತಗ್ಗಿಸಿ ಬಾಣದಂತೆ ಒಳಹೊಗುತ್ತಾರೆ. ಚಿಕ್ಕ ಅಬ್ಬಿಗಳಲ್ಲಿ ಮಾತ್ರ ಅಂಚಿನಲ್ಲೇ ಒಂದು ಬಲವಾದ ಹುಟ್ಟು ಹಾಕಿ, ಮೂತಿಯನ್ನು ಎತ್ತಿ ಹಿಡಿದು, ನೀರು ಉಕ್ಕುವ ಜಾಗದಿಂದ ಆಚೆಗೆ ಹಾರುತ್ತಾರೆ; ದೋಣಿಯ ತಳ ಬಡಿದಾಗ ಏಳುವ ಸದ್ದಿನಿಂದಲೇ ಈ ಪಟ್ಟಿಗೆ ‘ಬೂಫ್’ ಎಂಬ ಹೆಸರು.

2009ರಲ್ಲಿ ಅಮೆರಿಕದ ಟೈಲರ್ ಬ್ರಾಟ್ ಸುಮಾರು 57 ಮೀಟರಿನ ಪಲೂಸ್ ಜಲಪಾತವನ್ನು ಮೂತಿ ತಗ್ಗಿಸಿ ಇಳಿದಾಗ ಹುಟ್ಟು ಮುರಿಯಿತು, ಆತ ಉಳಿದ. ನಮ್ಮ 253 ಮೀಟರಿನ ಜೋಗಕ್ಕೆ ಅದು ಕಾಲುಪಾಲೂ ಅಲ್ಲ. ಆದರೆ ಅಪಾಯವನ್ನು ಎತ್ತರದಿಂದ ಅಳೆಯುವುದು ನಮ್ಮ ಕಣ್ಣಿನ ದೋಷ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೋಸದ ಜಾಗ ಹಳ್ಳಕ್ಕೆ ಅಡ್ಡಲಾಗಿ, ನೆಟ್ಟಗೆ ಕಟ್ಟಿದ ಆಳೆತ್ತರದ ಚೆಕ್ ಡ್ಯಾಮ್. ಬಂಡೆಗಳ ನಡುವಿನ ಅಬ್ಬಿಯ ಸುಳಿಗೆ ಎಲ್ಲೋ ಒಂದು ಮಗ್ಗುಲಲ್ಲಿ ಬಿರುಕಿರುತ್ತದೆ, ಅಲ್ಲಿಂದ ನುಸುಳಬಹುದು. ಚೆಕ್ ಡ್ಯಾಮಿನ ಕೆಳಗೆ ಹಿಂದಕ್ಕೆ ಹೊರಳುವ ನೀರು ಈ ದಡದಿಂದ ಆ ದಡದವರೆಗೂ ಒಂದೇ ಸಮ. ಇನ್ನು ಹಳ್ಳದೊಳಗೆ ಮುರಿದು ಬಿದ್ದ ಬಿದಿರ ಹಿಂಡಿಲು, ತೇಲಿಬಂದು ಸಿಕ್ಕಿಕೊಂಡ ಅಡಿಕೆ ಮರದ ಸಂಕ (ಕಾಲುಸೇತುವೆ): ನೀರನ್ನು ಬಿಟ್ಟು ಮೈಯನ್ನು ತಡೆಯುವ ಜರಡಿಗಳಿವು. ಇವಿರುವ ಕಡೆ ಕಯಾಕಿಗರು ದೋಣಿ ಹೆಗಲಿಗೇರಿಸಿ ದಡದಲ್ಲೇ ನಡೆಯುತ್ತಾರೆ.

ನಾವು ಬಿಟ್ಟ ಹಾಳೆ ಕೊನೆಗೆ ಹೊರಬರುತ್ತಿದ್ದುದೂ ಒಂದು ಕ್ರಮದಲ್ಲೇ. ಒಣಗಿ ಹಗುರವಾಗಿರುವಷ್ಟು ಹೊತ್ತು ಅದು ಮೇಲ್ಮೈಯ ನೀರಿಗೆ ಸಿಕ್ಕಿ ಸುತ್ತುತ್ತಿತ್ತು. ನೆನೆದು ಮೆತ್ತಗಾಗಿ ತೇಲುವ ಬಲ ಕಳೆದುಕೊಂಡ ಮೇಲೆ ತಳದಲ್ಲಿ ಮುಂದಕ್ಕೆ ಸಾಗುವ ನೀರಿಗೆ ಸಿಕ್ಕಿ, ನಾವು ಎಣಿಕೆ ತಪ್ಪಿ ಬೇರೆ ಹಾಳೆ ಹುಡುಕುವ ಹೊತ್ತಿಗೆ, ಹತ್ತಾರು ಮಾರು ಕೆಳಗೆ ಸಂಕದ ಹತ್ತಿರ ಕಾಣಿಸಿಕೊಳ್ಳುತ್ತಿತ್ತು.